ಜಾಲಪುಟ ಬರೆಯಲು ಯಾವ ತಂತ್ರಾಂಶ?

ಹತ್ತನೆಯ ತರಗತಿ, ಪಿಯುಸಿ ಪರೀಕ್ಷೆಗಳು ಮುಗಿದು ರಜೆ ಬಂತೆಂದರೆ ಕಂಪ್ಯೂಟರಿನಲ್ಲಿ ಏನಾದರೂ ಹೊಸದನ್ನು ಕಲಿಯುವ ಉತ್ಸಾಹ ಮಕ್ಕಳಲ್ಲಿ ಮೂಡುತ್ತದೆ. ತನ್ನದೇ ಒಂದು ಜಾಲಪುಟ ಇರಬೇಕೆಂಬುದು ಅವರಲ್ಲಿ ಬಹಳ ಜನರ ಆಸೆ. ಅದಕ್ಕೆ ಯಾವ ತಂತ್ರಾಂಶ ಬೇಕು ಎಂಬುದು ಮಕ್ಕಳ ಪ್ರಶ್ನೆ. ಎಷ್ಟು ಖರ್ಚಾಗುತ್ತದೆ ಎಂಬುದು ತಂದೆತಾಯಿಯರ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ: ಮೊದಲ ತಿಂಗಳ ಕಲಿಕೆಗೆ ಬೇಕಾದ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಹೀಗೇಕೆ ಎಂದು ತಿಳಿಯಲು ಜಾಲಪುಟವೆಂದರೆ ಏನು ಎಂಬುದನ್ನು ನೋಡಬೇಕು. ಎಷ್ಟೇ ಬಣ್ಣಬಣ್ಣವಾಗಿ ಕಂಡರೂ ಅದರ ಬುಡದಲ್ಲಿರುವುದು ಬರೀ ಅಕ್ಷರಗಳಿರುವ ಒಂದು ಕಡತ. ಇದು ಶೀರ್ಷಿಕೆ, ಇದು ಪ್ಯಾರಾ, ಇಲ್ಲಿ ಚಿತ್ರ, ಇಲ್ಲಿ ಇನ್ನೊಂದು ಪುಟಕ್ಕೆ ಕೊಂಡಿ ಎಂದು ಹೇಳುವ ಗುರುತುಗಳು ಅಕ್ಷರಗಳ ನಡುವೆ ಇರುತ್ತವೆ. ಈ ಗುರುತುಗಳಿಗೆ ಟ್ಯಾಗ್ ಎಂದು ಹೆಸರು. ಇವುಗಳ ಭಾಷೆಯೇ ಎಚ್‌ಟಿಎಂಎಲ್. ಬ್ರೌಸರಿನಲ್ಲಿ ಯಾವುದಾದರೂ ಪುಟವನ್ನು ತೆರೆದು, ಕಂಟ್ರೋಲ್ ಕೀಲಿಯ ಜೊತೆ ಯು ಒತ್ತಿ ನೋಡಿ. ಪುಟದ ಒಳಗಿನ ಬರವಣಿಗೆ ನಿಮ್ಮ ಮುಂದೆ ಬರುತ್ತದೆ.

ಮೂರು ಬಗೆಯ ತಂತ್ರಾಂಶ

ಜಾಲಪುಟ ತಯಾರಿಸುವ ಸಾಧನಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಅಕ್ಷರಗಳನ್ನಷ್ಟೇ ಬರೆಯುವ ಸರಳ ಎಡಿಟರ್. ವಿಂಡೋಸ್‌ನ ನೋಟ್‌ಪ್ಯಾಡ್ ಇದಕ್ಕೆ ಉದಾಹರಣೆ. ಎರಡನೆಯದರಲ್ಲಿ ಪತ್ರ ಟೈಪು ಮಾಡಿದಂತೆ ಬರೆದು, ಚಿತ್ರಗಳನ್ನು ಬೇಕಾದ ಕಡೆ ಇಟ್ಟರೆ ಸಾಕು, ಟ್ಯಾಗ್‌ಗಳನ್ನು ತಂತ್ರಾಂಶವೇ ತುಂಬಿಕೊಳ್ಳುತ್ತದೆ. ಮೂರನೆಯದು ಅಂತರಜಾಲದಲ್ಲೇ ಕುಳಿತು ಪುಟ ಕಟ್ಟುವ ಸೇವೆ. ಇಲ್ಲಿ ಪುಟ ಇರುವುದು ಆ ಕಂಪನಿಯ ಕಂಪ್ಯೂಟರಿನಲ್ಲಿ.

ಎರಡನೆಯ ಮತ್ತು ಮೂರನೆಯ ಬಗೆಯವು ನೋಡಲು ಸುಲಭ. ಅರ್ಧ ಗಂಟೆಯಲ್ಲಿ ಚೆಂದದ ಪುಟ ಸಿದ್ಧವಾಗುತ್ತದೆ. ತೊಂದರೆ ಕಾಣುವುದು ಆಮೇಲೆ.

ಅಳಿದ ತಂತ್ರಾಂಶ, ಉಳಿದ ಪುಟ

ತೊಂಬತ್ತರ ದಶಕದಲ್ಲಿ ಫ್ರಂಟ್‌ಪೇಜ್ ಎಂಬ ತಂತ್ರಾಂಶ ಬಹಳ ಹೆಸರು ಮಾಡಿತ್ತು. ವರ್ಮೀರ್ ಎಂಬ ಸಣ್ಣ ಕಂಪನಿ ತಯಾರಿಸಿದ್ದ ಅದನ್ನು ಮೈಕ್ರೋಸಾಫ್ಟ್ 1996ರಲ್ಲಿ ಕೊಂಡುಕೊಂಡಿತು. 2003ರ ಆವೃತ್ತಿಯೇ ಅದರ ಕೊನೆಯದು. ಫ್ರಂಟ್‌ಪೇಜ್‌ನಲ್ಲಿ ಮಾಡಿದ ಪುಟಗಳ ಕೆಲವು ಭಾಗಗಳು, ಉದಾಹರಣೆಗೆ ಭೇಟಿಗಳ ಲೆಕ್ಕ ತೋರಿಸುವ ಅಂಕಿ, ಸರ್ವರಿನಲ್ಲಿ ಅದಕ್ಕೆಂದೇ ಇದ್ದ ವಿಶೇಷ ತಂತ್ರಾಂಶವನ್ನು ನಂಬಿಕೊಂಡಿದ್ದವು. ಅದು ಹೋದಾಗ ಆ ಭಾಗಗಳೂ ನಿಂತುಹೋದವು. ಲಕ್ಷಾಂತರ ಜನ ಉಚಿತವಾಗಿ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಸೇವೆಯನ್ನು ಯಾಹೂ 2009ರಲ್ಲಿ ಜಪಾನ್ ಒಂದನ್ನು ಬಿಟ್ಟು ಉಳಿದೆಡೆ ಮುಚ್ಚಿತು. ತಮ್ಮ ಪುಟಗಳ ಪ್ರತಿಯನ್ನು ತೆಗೆದಿಟ್ಟುಕೊಳ್ಳದವರಿಗೆ ನಷ್ಟವಾಯಿತು.

ಸರಳ ಎಡಿಟರುಗಳೂ ಶಾಶ್ವತವಲ್ಲ. ಅಡೋಬಿಯ ಬ್ರ್ಯಾಕೆಟ್ಸ್‌ಗೆ 2021ರಲ್ಲಿ ಕಂಪನಿಯ ಬೆಂಬಲ ನಿಂತಿತು. ಆಟಮ್ ಎಂಬ ಇನ್ನೊಂದು 2022ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಆದರೆ ಅವುಗಳಲ್ಲಿ ಬರೆದ ಪುಟಗಳಿಗೆ ಏನೂ ಆಗಲಿಲ್ಲ. ಅದೇ ಕಡತವನ್ನು ಬೇರೆ ಎಡಿಟರಿನಲ್ಲಿ ತೆರೆದು ಜನ ಕೆಲಸ ಮುಂದುವರಿಸಿದರು. ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಸಂಸ್ಥೆಯಲ್ಲಿ ರೂಪಿಸಿದ ಜಗತ್ತಿನ ಮೊದಲ ಜಾಲತಾಣದ 1992ರ ಪ್ರತಿಯನ್ನು ಆ ಸಂಸ್ಥೆ 2013ರಲ್ಲಿ ಹಳೆಯ ವಿಳಾಸದಲ್ಲೇ ಮತ್ತೆ ಇಟ್ಟಿತು. ಇಂದಿನ ಬ್ರೌಸರ್ ಕೂಡ ಅದನ್ನು ಸರಾಗವಾಗಿ ತೋರಿಸುತ್ತದೆ.

ಆದ್ದರಿಂದ ತಂತ್ರಾಂಶ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಮಾಡಿದ ಪುಟವನ್ನು ನಾಳೆ ಬೇರೊಂದು ತಂತ್ರಾಂಶದಲ್ಲಿ ತೆರೆದು ತಿದ್ದಲು ನನಗೆ ಸಾಧ್ಯವೇ? ಸಾಧ್ಯವಿದ್ದರೆ ಆ ಪುಟ ನಿಮ್ಮದು. ಪುಟವನ್ನು ಹೊರತೆಗೆದು ಬೇರೆಡೆ ಇಡಲು ಬಿಡದ ಸೇವೆಗಳೂ ಇವೆ. ಅವುಗಳಲ್ಲಿ ಕಲಿತದ್ದು ಆ ಸೇವೆಯ ಗುಂಡಿಗಳನ್ನು ಒತ್ತುವುದನ್ನು ಮಾತ್ರ.

ಮೊದಲ ಪುಟ ಬರೆಯುವಾಗ

ನೋಟ್‌ಪ್ಯಾಡ್ ತೆರೆಯಿರಿ. ನಿಮ್ಮ ಊರಿನ ಬಗ್ಗೆ ಒಂದು ಶೀರ್ಷಿಕೆ, ಎರಡು ಪ್ಯಾರಾ, ಒಂದು ಚಿತ್ರ, ಒಂದು ಕೊಂಡಿ, ಇಷ್ಟಿದ್ದರೆ ಸಾಕು. ಹೊಸಬರು ಎಡವುವುದು ಕಡತವನ್ನು ಉಳಿಸುವಾಗ. ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಎಂದು ಕೊಟ್ಟರೂ ನೋಟ್‌ಪ್ಯಾಡ್ ಅದರ ಹಿಂದೆ ಡಾಟ್ ಟಿಎಕ್ಸ್‌ಟಿ ಎಂದು ಸೇರಿಸಿಬಿಡಬಹುದು. ಕೊನೆಯ ಭಾಗವನ್ನು ವಿಂಡೋಸ್ ಸಾಮಾನ್ಯವಾಗಿ ತೋರಿಸದ ಕಾರಣ ಇದು ಕಣ್ಣಿಗೆ ಬೀಳುವುದಿಲ್ಲ. ಉಳಿಸುವ ಮುನ್ನ ಕಡತದ ಬಗೆಯಲ್ಲಿ ‘ಆಲ್ ಫೈಲ್ಸ್’ ಎಂದು ಆರಿಸಿ. ಮ್ಯಾಕ್ ಇರುವವರು ಟೆಕ್ಸ್ಟ್‌ಎಡಿಟ್‌ನ ಫಾರ್ಮ್ಯಾಟ್ ಮೆನುವಿನಲ್ಲಿ ‘ಮೇಕ್ ಪ್ಲೇನ್ ಟೆಕ್ಸ್ಟ್’ ಆರಿಸಿದ ಮೇಲೆಯೇ ಬರೆಯಲು ತೊಡಗಬೇಕು. ವರ್ಡ್‌ನಂಥ ತಂತ್ರಾಂಶ ಈ ಕೆಲಸಕ್ಕೆ ಬೇಡ; ಅದು ನೀವು ಕೇಳದ ಗುರುತುಗಳನ್ನೆಲ್ಲ ಸೇರಿಸುತ್ತದೆ.

ಚಿತ್ರವನ್ನು ಪುಟದ ಕಡತವಿರುವ ಫೋಲ್ಡರಿನಲ್ಲೇ ಇಡಿ. ಸಿ ಡ್ರೈವಿನ ವಿಳಾಸ ಕೊಟ್ಟರೆ ಚಿತ್ರ ನಿಮ್ಮ ಮನೆಯಲ್ಲಿ ಕಾಣುತ್ತದೆ, ಗೆಳೆಯನ ಮನೆಯಲ್ಲಿ ಕಾಣುವುದಿಲ್ಲ. ಚಿತ್ರದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಬೆರೆಸಬೇಡಿ. ವಿಂಡೋಸ್ ಅವೆರಡನ್ನೂ ಒಂದೇ ಎಂದು ಎಣಿಸುತ್ತದೆ. ಬಹುಪಾಲು ಜಾಲತಾಣಗಳನ್ನು ಹೊತ್ತ ಲಿನಕ್ಸ್ ಸರ್ವರುಗಳು ಹಾಗೆ ಎಣಿಸುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ

ಮೊದಲ ಕಾಲದ ಅನೇಕ ಕನ್ನಡ ಪುಟಗಳು ಒಂದೊಂದು ಫಾಂಟಿಗೆ ಕಟ್ಟುಬಿದ್ದಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಯುನಿಕೋಡ್ ಬಳಕೆಗೆ ಬಂದ ಮೇಲೆ ಈ ತೊಂದರೆ ತಪ್ಪಿತು. ಆದರೆ ಎಡಿಟರ್ ಕಡತವನ್ನು ಯುಟಿಎಫ್-8 ರೂಪದಲ್ಲೇ ಉಳಿಸಬೇಕು. 2019ರ ನಂತರದ ವಿಂಡೋಸ್ 10ರಲ್ಲಿ ನೋಟ್‌ಪ್ಯಾಡ್ ಇದನ್ನು ತಾನಾಗಿಯೇ ಮಾಡುತ್ತದೆ. ಶಾಲೆಯ ಹಳೆಯ ಕಂಪ್ಯೂಟರುಗಳಲ್ಲಾದರೆ, ಉಳಿಸುವಾಗ ‘ಎನ್‌ಕೋಡಿಂಗ್’ ಎಂಬಲ್ಲಿ ನೀವೇ ಆರಿಸಬೇಕು. ಮರೆತರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಪುಟದ ತಲೆಭಾಗದಲ್ಲಿ ಚಾರ್‌ಸೆಟ್ ಯುಟಿಎಫ್-8 ಎಂದು ತಿಳಿಸುವ ಮೆಟಾ ಟ್ಯಾಗ್ ಕೂಡ ಇರಲಿ.

ಎರಡನೆಯ ಮೆಟ್ಟಿಲು

ನಾಲ್ಕೈದು ಪುಟಗಳನ್ನು ಕೈಯಾರೆ ಬರೆದ ಮೇಲೆ ನೋಟ್‌ಪ್ಯಾಡ್ ಸಾಲದೆನಿಸುತ್ತದೆ. ಒಂದು ಟ್ಯಾಗನ್ನು ಮುಚ್ಚಲು ಮರೆತರೆ ಎಲ್ಲಿ ಎಂದು ಹುಡುಕುವುದೇ ಕಷ್ಟ. ಆಗ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅಥವಾ ವಿಶುವಲ್ ಸ್ಟುಡಿಯೋ ಕೋಡ್‌ಗೆ ಹೋಗಬಹುದು. ಎರಡೂ ಉಚಿತ. 2003ರಲ್ಲಿ ಬಂದ ಮೊದಲನೆಯದು ಹಗುರವಾದದ್ದು; ವಿಂಡೋಸ್‌ನ ಹಳೆಯ ಕಂಪ್ಯೂಟರಿಗೆ ಹೇಳಿಸಿದಂತಿದೆ. ಮೈಕ್ರೋಸಾಫ್ಟ್ 2015ರಲ್ಲಿ ತಂದ ಎರಡನೆಯದಕ್ಕೆ ಸ್ವಲ್ಪ ಹೆಚ್ಚು ಮೆಮೊರಿ ಬೇಕು. ಮ್ಯಾಕ್ ಮತ್ತು ಲಿನಕ್ಸ್‌ನಲ್ಲೂ ನಡೆಯುತ್ತದೆ. ಇಂಥ ಎಡಿಟರುಗಳು ಟ್ಯಾಗ್‌ಗಳನ್ನು ಬೇರೆ ಬಣ್ಣದಲ್ಲಿ ತೋರಿಸುತ್ತವೆ, ಸಾಲುಗಳಿಗೆ ಸಂಖ್ಯೆ ಕೊಡುತ್ತವೆ. ಆದರೂ ಬರೆಯುವವರು ನೀವೇ, ಕಡತವೂ ಮೊದಲಿನಂಥದೇ.

ಈಗ ಕೃತಕ ಬುದ್ಧಿಮತ್ತೆಗೆ ಹೇಳಿದರೆ ಇಡೀ ಪುಟವನ್ನು ಕ್ಷಣದಲ್ಲಿ ಬರೆದುಕೊಡುತ್ತದೆಯಲ್ಲ, ಕಲಿಯುವುದೇಕೆ ಎಂದು ಮಕ್ಕಳು ಕೇಳಬಹುದು. ಬರೆದುಕೊಡುತ್ತದೆ, ನಿಜ. ಅದರಲ್ಲಿ ಚಿತ್ರವೊಂದು ಕಾಣದೆ ಹೋದರೆ ಕಾರಣ ಹುಡುಕಲು ಟ್ಯಾಗ್ ಓದಲು ಬರಬೇಕು. ಕ್ಯಾಲ್ಕುಲೇಟರ್ ಬಂದ ಮೇಲೂ ಮಗ್ಗಿ ಬೇಕಾದಂತೆ ಇದು.

ಪೋಷಕರಿಗೆ ಒಂದು ಮಾತು

ಶುಲ್ಕ ಕಟ್ಟಿ ವೆಬ್ ಡಿಸೈನಿಂಗ್ ತರಗತಿಗೆ ಸೇರಿಸುವ ಮುನ್ನ ಅಲ್ಲಿ ಎಚ್‌ಟಿಎಂಎಲ್ ಮತ್ತು ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್ ಕಲಿಸುತ್ತಾರೋ, ಬರೀ ಒಂದು ತಂತ್ರಾಂಶದ ಬಳಕೆಯನ್ನು ಕಲಿಸುತ್ತಾರೋ ಎಂದು ವಿಚಾರಿಸಿ. ಡ್ರೀಮ್‌ವೀವರ್‌ನಂಥ ದುಬಾರಿ ತಂತ್ರಾಂಶ ಕಲಿಯುವವರಿಗೆ ಅಗತ್ಯವಿಲ್ಲ. 2013ರಲ್ಲಿ ಅಡೋಬಿ ಅದರ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ತಂದಿತು. ಅದರ ನಕಲಿ ಪ್ರತಿಯನ್ನು ಹಾಕಿಕೊಡುತ್ತೇವೆ ಎನ್ನುವವರಿಂದ ದೂರವಿರಿ. ಅದು ಕಾನೂನಿಗೆ ವಿರುದ್ಧ, ಜೊತೆಗೆ ವೈರಸ್ ಬರುವ ದಾರಿಯೂ ಹೌದು.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರೂ ಎದೆಗುಂದಬೇಕಿಲ್ಲ. ಶಾಲೆಯ ಲ್ಯಾಬಿನಲ್ಲಿ ವಾರಕ್ಕೆ ಎರಡು ಗಂಟೆ ಸಿಕ್ಕರೂ ಸಾಕು. ಪುಟವನ್ನು ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಹೋದರೆ ಆ ಎರಡು ಗಂಟೆಯೂ ಸಾರ್ಥಕ.

(ಮುಂದಿನ ವಾರ: ಬರೆದ ಪುಟವನ್ನು ಅಂತರಜಾಲಕ್ಕೆ ಏರಿಸುವುದು ಹೇಗೆ?)