ಮೋಶೆಯ ಪುಸ್ತಕವೂ ಮೇಸ್ತ್ರಿಯ ಪುಸ್ತಕವೂ



ಯೆಹೂದ್ಯರ ಸಭಾಮಂದಿರಗಳಲ್ಲಿ ಒಂದು ಹಳೆಯ ಪದ್ಧತಿ ಇಂದಿಗೂ ತಪ್ಪದೆ ನಡೆದುಬರುತ್ತಿದೆ. ಮೋಶೆಯ ಐದು ಪುಸ್ತಕಗಳಿಗೆ ಅವರು ತೋರಾ ಎನ್ನುತ್ತಾರೆ. ಅದನ್ನು 54 ಪಾಠಗಳಾಗಿ ಹಂಚಿಕೊಂಡು ಸಬ್ಬತ್ ದಿನಗಳಲ್ಲಿ ವಾರವಾರವೂ ಓದುತ್ತಾರೆ. ವರ್ಷಕ್ಕೊಮ್ಮೆ ಓದು ಮುಗಿಯುತ್ತದೆ. ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯ ಮುಗಿದ ದಿನವೇ ಆದಿಕಾಂಡದ ಮೊದಲ ಅಧ್ಯಾಯ ಮತ್ತೆ ತೆರೆಯುತ್ತದೆ. ಇಷ್ಟವಾದದ್ದನ್ನು ಓದಿ ಕಷ್ಟವಾದದ್ದನ್ನು ಬಿಡುವಂತಿಲ್ಲ. ನಮ್ಮ ಕರ್ತನ ಕಾಲದಲ್ಲಿಯೂ ಸಬ್ಬತ್ತಿನಲ್ಲಿ ಮೋಶೆಯ ಗ್ರಂಥವನ್ನು ಓದುತ್ತಿದ್ದರೆಂಬುದು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಿಂದ ತಿಳಿಯುತ್ತದೆ.

ನಮ್ಮ ಸಭೆಗಳಲ್ಲಿ ಹೇಗೆ? ಪ್ರಸಂಗಕ್ಕೆ ಕೀರ್ತನೆ, ಸುವಾರ್ತೆ, ಪೌಲನ ಪತ್ರಿಕೆ. ಮೋಶೆಯ ಪುಸ್ತಕಗಳಿಂದ ನೋಹನ ನಾವೆ, ಯೋಸೇಫನ ಅಂಗಿ, ಕೆಂಪು ಸಮುದ್ರ, ಇಷ್ಟು ಸಂಡೇ ಸ್ಕೂಲಿನ ಮಕ್ಕಳಿಗೆ. ಕೂಲಿ, ಸಾಲ, ಒತ್ತೆ, ಬಿಡುವು ಎಂಬ ಆಜ್ಞೆಗಳು ಬಂದ ಕೂಡಲೆ, ಅದು ಹಳೆಯ ಒಡಂಬಡಿಕೆ ಎಂದು ಪುಟ ಮಗುಚುತ್ತೇವೆ. ಬಳ್ಳಾರಿಯಲ್ಲಿ ದುಡಿದ ಮಿಷನರಿಗಳಿಂದ 1831ರಲ್ಲಿ ಇಡೀ ಸತ್ಯವೇದ ಕನ್ನಡಕ್ಕೆ ಬಂತು. ಅಂದಿನಿಂದ ಈ ಪುಟಗಳು ನಮ್ಮ ಭಾಷೆಯಲ್ಲಿಯೇ ಇವೆ. ಕೂಲಿಯವರಿಗೆ ಇವುಗಳಷ್ಟು ಹತ್ತಿರದ ಪುಟಗಳು ಬೇರೆ ಇಲ್ಲ. ಇವನ್ನು ಮೇಸ್ತ್ರಿಯ ಲೆಕ್ಕದ ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕೆಂಬುದೇ ಈ ಸಲ ನಮ್ಮ ಮಾತು.

ಉದಾಹರಣೆಗೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯನ್ನು ನೋಡೋಣ. ತೋಟದ ಲೈನುಗಳಲ್ಲಿರುವವರು, ದೂರದ ಬಯಲುಸೀಮೆಯ ಮಾತು ನಮಗೇಕೆ ಎನ್ನಬಾರದು. ತೋಟಕ್ಕೆ ಆಳನ್ನು ತರುವ ಮುಂಗಡವೂ ಬಯಲಿನಿಂದ ಆಳನ್ನು ಒಯ್ಯುವ ಮುಂಗಡವೂ ಒಂದೇ ಹಗ್ಗದ ಎರಡು ತುದಿಗಳು.

ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಆ ದಿನ ಆಂಧ್ರ ಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ಬಂತು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಗಳಾದವು. ಮಕ್ತಲಿನ ಆಚೆ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಗಡಿಗಳು ಬದಲಾದವು, ಕೂಲಿಯವರ ದಾರಿ ಬದಲಾಗಲಿಲ್ಲ. ಮಹಬೂಬನಗರದ ಹಳೆಯ ಹೆಸರು ಪಾಲಮೂರು. ದೇಶದ ಅಣೆಕಟ್ಟು, ಕಾಲುವೆಗಳ ಕೆಲಸದಲ್ಲಿ 'ಪಾಲಮೂರು ಲೇಬರ್' ಎಂದರೆ ಹೆಸರಾದ ಮಾತು. ಊರೂರಿನ ಹೊಲಕ್ಕೆ ನೀರು ಹರಿಸಿದ ಈ ಜನ ತಮ್ಮ ಹೊಲ ಒಣಗಿ ಊರು ಬಿಟ್ಟವರು.

ಕ್ರಮವು ನಿಮಗೆ ಗೊತ್ತಿರುವುದೇ. ದಸರೆ, ದೀಪಾವಳಿಯ ಹೊತ್ತಿಗೆ ಗುಂಪು ಮೇಸ್ತ್ರಿ ಮುಂಗಡ ಕೊಡುತ್ತಾನೆ. ಗಂಡ ಹೆಂಡತಿ ಇಬ್ಬರೂ ಹೊರಡುತ್ತಾರೆ. ಕೆಲಸದ ಸ್ಥಳದಲ್ಲಿ ಊಟದ ಖರ್ಚಿಗೆ ಮಾತ್ರ ಕೈಗೆ ಕಾಸು. ಉಳಿದದ್ದೆಲ್ಲ ಮೇಸ್ತ್ರಿಯ ಪುಸ್ತಕದಲ್ಲಿ. ಕಾಯಿಲೆ ಬಿದ್ದ ದಿನ, ಊರಿಗೆ ಹೋದ ದಿನ ಅಲ್ಲಿಯೇ ಕಳೆಯುತ್ತವೆ. ಮಳೆಗಾಲದ ಮುಂಚೆ ಲೆಕ್ಕ. ಲೆಕ್ಕದಲ್ಲಿ ಬಾಕಿ ಉಳಿದರೆ ಮುಂದಿನ ವರ್ಷ ಅದೇ ಮೇಸ್ತ್ರಿಯ ಹಿಂದೆ.

ಈಗ ಯೆಹೂದ್ಯರ ಓದಿನ ವರ್ಷವನ್ನು ಈ ಕೂಲಿಯ ವರ್ಷದ ಪಕ್ಕದಲ್ಲಿ ಇಟ್ಟು ನೋಡಿ.

ಜನವರಿ ತಿಂಗಳ ಸುಮಾರಿಗೆ ಅವರು ವಿಮೋಚನಕಾಂಡದ ಮೊದಲ ಅಧ್ಯಾಯಗಳನ್ನು ಓದುತ್ತಾರೆ. ನಮ್ಮವರು ದೂರದ ಕಟ್ಟಡಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ ಇರುವ ಕಾಲ. ತೋಟಗಳಲ್ಲಿ ಕಾಫಿ ಕೊಯ್ಲಿನ ಕಾಲ. ಐದನೆಯ ಅಧ್ಯಾಯದಲ್ಲಿ ಫರೋಹನು ಹುಲ್ಲು ಕೊಡುವುದನ್ನು ನಿಲ್ಲಿಸುತ್ತಾನೆ, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಇಳಿಸುವುದಿಲ್ಲ. ಜನರು ಬಿಡುವು ಕೇಳಿದ್ದಕ್ಕೆ ಅವರಿಗೆ ಬಂದ ಹೆಸರು ಸೋಮಾರಿಗಳು. ಹೆಚ್ಚು ಮಂದಿ ಗಮನಿಸದ ಮಾತೊಂದು ಅಲ್ಲಿದೆ. ಲೆಕ್ಕ ತುಂಬದಿದ್ದಾಗ ಪೆಟ್ಟು ತಿಂದ ಮೇಲ್ವಿಚಾರಕರು ಇಸ್ರಾಯೇಲ್ಯರೇ. ಮೇಸ್ತ್ರಿಯೂ ನಮ್ಮವನೇ, ಅವನ ಮೇಲೆಯೂ ಗುತ್ತಿಗೆದಾರನಿದ್ದಾನೆ. ಆದರೆ ಆ ಮೇಲ್ವಿಚಾರಕರು ಪೆಟ್ಟನ್ನು ಕೆಳಗಿನವರಿಗೆ ದಾಟಿಸಿ ಸುಮ್ಮನಾಗಲಿಲ್ಲ. ಫರೋಹನ ಎದುರು ನಿಂತು ದೂರು ಹೇಳಿದರು. ನಮ್ಮ ಸಭೆಗಳಲ್ಲಿ ಕುಳಿತುಕೊಳ್ಳುವ ಮೇಸ್ತ್ರಿಗಳು ಈ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಲಿ.

ಮೇ ತಿಂಗಳಲ್ಲಿ ಯಾಜಕಕಾಂಡದ 25ನೆಯ ಅಧ್ಯಾಯ ಬರುತ್ತದೆ. ಅದು ಜೂಬಿಲಿಯ ಅಧ್ಯಾಯ. ಭೂಮಿ ದೇವರದು, ನಾವು ಅದರಲ್ಲಿ ಪ್ರವಾಸಿಗಳು. 50ನೆಯ ವರ್ಷ ಪ್ರತಿಯೊಬ್ಬನೂ ತನ್ನ ಹೊಲಕ್ಕೆ, ತನ್ನ ಮನೆಯವರ ಬಳಿಗೆ ಮರಳಬೇಕು. ಬಡತನದಿಂದ ತನ್ನನ್ನೇ ಮಾರಿಕೊಂಡ ಸಹೋದರನನ್ನು ಗುಲಾಮನಂತೆ ದುಡಿಸಬಾರದು, ಕೂಲಿಯವನಂತೆ ನಡೆಸಬೇಕು. ಇದು ನಮ್ಮವರು ಗಂಟು ಕಟ್ಟಿಕೊಂಡು ಊರಿಗೆ ಮರಳುವ, ಮೇಸ್ತ್ರಿಯ ಎದುರು ಲೆಕ್ಕಕ್ಕೆ ಕೂರುವ ತಿಂಗಳೇ. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಏಳನೆಯ ವರ್ಷ ಸಾಲ ಬಿಡಬೇಕು, ಬಿಡುಗಡೆಯಾದ ಆಳನ್ನು ಬರಿಗೈಯಲ್ಲಿ ಕಳುಹಿಸಬಾರದು.

ಇದು ನಡೆಯದ ಮಾತು ಎನ್ನುವಿರಾ? 1976ರ ಜೀತಪದ್ಧತಿ ರದ್ದತಿ ಕಾಯ್ದೆ ಈ ದೇಶದ ಕಾನೂನು. ಜೀತದ ಸಾಲವನ್ನು ತೀರಿಸುವ ಹೊಣೆ ಆ ಕಾಯ್ದೆಯಿಂದ ಅಳಿದುಹೋಗಿದೆ. ಜೀತಗಾರನನ್ನು ಬಿಡಿಸುವ ಜವಾಬ್ದಾರಿ ಜಿಲ್ಲೆಯ ಕಲೆಕ್ಟರರ ಮೇಲಿದೆ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು ತೀರ್ಪು ಕೊಟ್ಟಿತು. ಜೀತವೆಂದರೆ ಕಾಲಿಗೆ ಸರಪಳಿ ಇರಲೇಬೇಕೆಂದಿಲ್ಲ.

ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ. ಗದ್ವಾಲ ಸೀಮೆಯಲ್ಲಿ ಹತ್ತಿಬೀಜದ ಹೊಲಗಳಲ್ಲಿ ಕ್ರಾಸಿಂಗ್ ನಡೆಯುವ ಕಾಲ ಅದು. ಹಿಂದಿನ ದಿನ ಮೊಗ್ಗು ಬಿಡಿಸಿ, ಮರುದಿನ ಬೆಳಿಗ್ಗೆ ಹೂವಿಗೆ ಹೂವು ತಾಕಿಸುವ ಕೈಕೆಲಸ. ಕಂಪನಿಯ ಮುಂಗಡ ಆರ್ಗನೈಜರ್ ಕೈಯಿಂದ ರೈತನಿಗೆ, ರೈತನ ಮುಂಗಡ ಕೂಲಿಯವರಿಗೆ. ಸಣ್ಣ ಕೈ ಬೇಕೆಂದು ಎಷ್ಟೋ ಮಕ್ಕಳನ್ನು ಶಾಲೆ ಬಿಡಿಸಿ ಈ ಹೊಲಗಳಿಗೆ ತಂದದ್ದುಂಟು. ಆ ಅಧ್ಯಾಯ ಏನು ಕೇಳುತ್ತದೆ? ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬೇಡ, ಅದು ಅವನ ಜೀವ. ಸಾಲ ಕೊಟ್ಟವನು ಮನೆಯ ಒಳಗೆ ನುಗ್ಗದೆ ಹೊರಗೆ ನಿಲ್ಲಬೇಕು. ಕೂಲಿಯವನು ನಿನ್ನ ಸಹೋದರನಾಗಲಿ, ಊರಲ್ಲಿರುವ ಪರದೇಶಿಯಾಗಲಿ, ಅವನ ಕೂಲಿಯನ್ನು ಅದೇ ದಿನ ಹೊತ್ತು ಮುಳುಗುವ ಮುಂಚೆ ಕೊಡು.

ಬೀಸುವ ಕಲ್ಲು ಇಂದು ನಮ್ಮ ಮನೆಗಳಲ್ಲಿ ಮೂಲೆಗೆ ಸೇರಿದೆ. ಅದರ ಜಾಗದಲ್ಲಿ ರೇಷನ್ ಕಾರ್ಡ್, ಬ್ಯಾಂಕಿನ ಪಾಸ್‌ಬುಕ್, ಎಟಿಎಂ ಕಾರ್ಡ್ ಇವೆ. ಸಾಲಕ್ಕಾಗಿ ಇವನ್ನು ಕಿತ್ತಿಟ್ಟುಕೊಳ್ಳುವವನು ಬೀಸುವ ಕಲ್ಲನ್ನೇ ಕಿತ್ತುಕೊಂಡಂತೆ. ಪರದೇಶಿ ಎಂಬ ಮಾತೂ ಹಳೆಯದಾಗಿಲ್ಲ. ಗಡಿ ದಾಟಿ ಬಂದ ಕೂಲಿಯವನಿಗೆ ಭಾಷೆ ಬಾರದೆಂದು ಲೈನಿನ ನಮ್ಮವರೇ ನಗುವುದುಂಟು. ಅವನ ಕೂಲಿ ಇಳಿದರೆ ನಾಳೆ ನಮ್ಮದೂ ಇಳಿಯುತ್ತದೆ.

ಹೊತ್ತು ಮುಳುಗುವ ಮುಂಚೆ ಎಂಬ ಆಜ್ಞೆಯ ನೆರಳು ದೇಶದ ಕಾನೂನಿನಲ್ಲಿಯೂ ಕಾಣುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯ ಪ್ರಕಾರ ದಿನಗೂಲಿಯವನಿಗೆ ಆ ದಿನದ ಪಾಳಿ ಮುಗಿದಾಗಲೇ ಕೂಲಿ ಸಲ್ಲಬೇಕು. ವಾರದ ಲೆಕ್ಕವಾದರೆ ವಾರದ ಕೊನೆಯ ಕೆಲಸದ ದಿನ; ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೆಯ ದಿನ ಮುಗಿಯುವುದರೊಳಗೆ. ಎಂಟು ತಿಂಗಳು ಪುಸ್ತಕದಲ್ಲಿ ಹಿಡಿದಿಟ್ಟು ಕೊನೆಗೆ ಕೊಡುವ ಕ್ರಮಕ್ಕೆ ಮೋಶೆಯ ಪುಸ್ತಕದಲ್ಲಿ ಸ್ಥಳವಿಲ್ಲ, ಸರ್ಕಾರದ ಪುಸ್ತಕದಲ್ಲಿಯೂ ಸ್ಥಳವಿಲ್ಲ.

ಮುಂಗಡ ತೆಗೆದುಕೊಳ್ಳಬೇಡಿರಿ ಎಂದು ನಾವು ಸುಲಭವಾಗಿ ಬರೆಯಲಾರೆವು. ಮಗಳ ಮದುವೆ, ಬೋರಿನ ಸಾಲ, ಆಸ್ಪತ್ರೆ ಎದುರಿಗೆ ನಿಂತಾಗ ಬೇರೆ ಯಾರು ಕೊಡುತ್ತಾರೆ? ಆದ್ದರಿಂದ ಸಭೆಯ ಕೈಯಲ್ಲಿ ಆಗುವಷ್ಟನ್ನು ಕೇಳುತ್ತೇವೆ. ವಾರದ ಕೂಟಗಳಲ್ಲಿ ಈ ಅಧ್ಯಾಯಗಳನ್ನು ಬಿಡದೆ ಓದಿರಿ. ಓದಿದ ಮೇಲೆ ನೋಟುಬುಕ್ಕು ತೆಗೆಯಿರಿ. ಯಾರ ಮುಂಗಡ ಎಷ್ಟು, ಎಷ್ಟು ದಿನ ದುಡಿದದ್ದು, ಎಷ್ಟು ಬಂದದ್ದು ಎಂದು ನಿಮ್ಮ ಕೈಯಿಂದಲೇ ಬರೆದಿಡಿರಿ. ಬರೆಯಲು ಬಾರದ ತಾಯಂದಿರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಮೇಸ್ತ್ರಿಯ ಪುಸ್ತಕ ಒಂದೇ ಇರುವ ತನಕ ಅವನು ಹೇಳಿದ್ದೇ ಲೆಕ್ಕ. ಎರಡು ಪುಸ್ತಕಗಳಿದ್ದರೆ ಮಾತಿಗೆ ಅವಕಾಶವುಂಟು. ಲೆಕ್ಕಕ್ಕೆ ಒಬ್ಬರೇ ಹೋಗದೆ ಸಭೆಯ ಇಬ್ಬರು ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ. ಅಲ್ಲಿಯೂ ನ್ಯಾಯ ಸಿಗದಿದ್ದರೆ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಿರಿ.

ಸಾಲ ಕೊಡುವ ವಿಶ್ವಾಸಿಗಳಿಗೂ ಮೇಸ್ತ್ರಿಗಳಿಗೂ ಒಂದು ಮಾತು. ಭಾನುವಾರ ಕರ್ತನ ಭೋಜನಕ್ಕೆ ಒಂದೇ ಮೇಜಿನ ಮುಂದೆ ಬರುವವರು ಸೋಮವಾರ ಒಬ್ಬರ ಕಾರ್ಡನ್ನು ಒಬ್ಬರು ಹಿಡಿದಿಟ್ಟುಕೊಳ್ಳುವುದು ಹೇಗೆ ಸಾಧ್ಯ? ತಡೆಹಿಡಿದ ಕೂಲಿಯು ದೇವರ ಕಿವಿಗೆ ಕೂಗುತ್ತದೆಂದು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ಎಚ್ಚರಿಸುತ್ತದೆ. ಅದು ಹೊಸ ಒಡಂಬಡಿಕೆಯ ಮಾತೇ.

ಯೆಹೂದ್ಯರ ಓದು ಮುಗಿದು ಮತ್ತೆ ಮೊದಲಾಗುವುದು ಸೆಪ್ಟೆಂಬರ್, ಅಕ್ಟೋಬರ್ ಸುಮಾರಿಗೆ. ದಸರೆಯ ಮುಂಗಡವೂ ಆಗಲೇ ಬರುತ್ತದೆ. ಆ ಹೊತ್ತಿಗೆ ಪ್ರತಿಯೊಂದು ಮನೆಯಲ್ಲಿ ಸತ್ಯವೇದದ ಪಕ್ಕ ಒಂದು ಲೆಕ್ಕದ ನೋಟುಬುಕ್ಕು ಇರಲಿ. ಐಗುಪ್ತದ ಕೂಗನ್ನು ಕೇಳಿದ ದೇವರು ನಿಮ್ಮ ದುಡಿಮೆಯನ್ನು ಆಶೀರ್ವದಿಸಲಿ.