ಮೆಟ್ರೋ ಬೇಕಾ, ಪೇಪರ್ ಬೇಕಾ?

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಮತ್ತೆ ಅದೇ ಚರ್ಚೆ. ನಮ್ಮ ಟೀಮಿನ ಗೆಳೆಯನೊಬ್ಬ ಎರಡು ವಾರ ಶೆನ್‌ಜೆನ್‌ಗೆ ಹೋಗಿಬಂದಿದ್ದಾನೆ. ಬಂದಾಗಿನಿಂದ ಅವನ ಬಾಯಲ್ಲಿ ಚೀನಾ ಬಿಟ್ಟು ಬೇರೆ ಮಾತಿಲ್ಲ. ಅಲ್ಲಿನ ಮೆಟ್ರೋ, ಅಲ್ಲಿನ ಫುಟ್‌ಪಾತು... ಎಲ್ಲ ವರ್ಣಿಸಿ ಕೊನೆಗೆ, "ಅಲ್ಲಿ ಪ್ರೆಸ್ಸು ಬಾಯಿ ಮುಚ್ಕೊಂಡಿರತ್ತೆ ಕಣೋ, ಅದಕ್ಕೇ ಕೆಲ್ಸ ಆಗತ್ತೆ. ಇಲ್ಲಿ ಒಂದು ಮರ ಕಡಿದ್ರೆ ಟೀವಿಯವ್ರು ಮೂರು ದಿನ ಬೊಬ್ಬೆ ಹೊಡೀತಾರೆ" ಅಂದ.

ಮೇಜಿನ ಸುತ್ತ ಎಲ್ಲರೂ ತಲೆಯಾಡಿಸಿದರು. ನಮ್ಮ ಕೆಲವು ಚಾನೆಲ್‌ಗಳನ್ನು ನೋಡಿದಾಗ ನನಗೂ ಹಾಗೆ ಅನ್ನಿಸುವುದುಂಟು, ಸುಳ್ಳು ಯಾಕೆ ಹೇಳಲಿ :) ಆದರೆ ಅನ್ನಕ್ಕೆ ಸಾರು ಕಲಸುತ್ತಾ ನನಗೆ ನೆನಪಾದದ್ದು ಸುನ್ ಝಿಗಾಂಗ್.

ಹುಬೆ ಪ್ರಾಂತ್ಯದ ಹುಡುಗ, ಡಿಸೈನ್ ಓದಿದವನು. 2003ರಲ್ಲಿ ಕೆಲಸಕ್ಕೆಂದು ಗುವಾಂಗ್‌ಝೌಗೆ ಬಂದ. ವಯಸ್ಸು 27. ಮಾರ್ಚ್ 17ರ ರಾತ್ರಿ ಇಂಟರ್ನೆಟ್ ಕೆಫೆಗೆ ಅಂತ ಹೊರಟಿದ್ದವನನ್ನು ಪೊಲೀಸರು ತಡೆದರು. ಅಲ್ಲಿ ಹೊರಗಿನಿಂದ ಬಂದವರಿಗೆ ತಾತ್ಕಾಲಿಕ ವಾಸದ ಚೀಟಿ ಬೇಕಿತ್ತು, ಅವನಿನ್ನೂ ಮಾಡಿಸಿರಲಿಲ್ಲ. ಗುರುತಿನ ಚೀಟಿಯೂ ಜೊತೆಯಲ್ಲಿರಲಿಲ್ಲ. ಇಂಥವರನ್ನು ಹಿಡಿದು ಕೂಡಿಹಾಕಿ ಊರಿಗೆ ವಾಪಸ್ ಕಳಿಸಲು 1982ರಿಂದ ಒಂದು ನಿಯಮವೇ ಇತ್ತು. ಮೂರೇ ದಿನದಲ್ಲಿ, ಮಾರ್ಚ್ 20ಕ್ಕೆ ಅವನು ಸತ್ತ. ಹೃದಯದ ಕಾಯಿಲೆ ಅಂದರು. ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಯಿತು, ಹೊಡೆದು ಸಾಯಿಸಿದ್ದರು.

ನಾನು ಶಿವಮೊಗ್ಗದಿಂದ ಬೆಂಗಳೂರಿಗೆ ಬಂದ ಹೊಸತರಲ್ಲಿ ನನ್ನ ಹತ್ತಿರ ಬಾಡಿಗೆ ಕರಾರು ಪತ್ರ ಕೂಡ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಚಪ್ಪಲಿ ಮೆಟ್ಟಿಕೊಂಡು ಗಾಡಿ ಹತ್ತಿರ ಎಗ್ ರೈಸ್ ತಿನ್ನಲು ಹೋಗುತ್ತಿದ್ದೆ, ಜೇಬಿನಲ್ಲಿ ಐವತ್ತು ರೂಪಾಯಿ, ಪರ್ಸು ರೂಮಿನಲ್ಲೇ.

ಈ ಸಾವನ್ನು ಏಪ್ರಿಲ್ 25ರಂದು ಹೊರಗೆ ತಂದದ್ದು ಅದೇ ಊರಿನ 'ಸದರ್ನ್ ಮೆಟ್ರೊಪೊಲಿಸ್ ಡೈಲಿ'. ಇದೇನು ಯಾರೋ ಗುಟ್ಟಾಗಿ ಅಚ್ಚು ಹಾಕಿದ ಕರಪತ್ರ ಅಂದುಕೊಳ್ಳಬೇಡಿ. ಅದರ ಮಾಲೀಕ ಸಂಸ್ಥೆ ಗುವಾಂಗ್‌ಡಾಂಗ್ ಪ್ರಾಂತ್ಯದ ಪಾರ್ಟಿ ಪತ್ರಿಕೆಯದ್ದೇ! ಪಾರ್ಟಿ ಪೇಪರು ಆಫೀಸಿಗೆ, ಈ ಥರದ ಸಿಟಿ ಪೇಪರು ಜನರಿಗೆ. ಜಾಹೀರಾತಿನಿಂದ ಬದುಕಬೇಕಾದ್ದರಿಂದ ಜನ ಓದುವಂಥದ್ದನ್ನು ಬರೆಯಲೇಬೇಕಿತ್ತು. ಇನ್ನೊಂದು ಮಜಾ ಇದೆ. ಆಗ ಅಲ್ಲಿನ ಪೇಪರುಗಳು ಪಕ್ಕದ ಪ್ರಾಂತ್ಯದ ಹಗರಣ ಬರೆಯುವುದು ರೂಢಿ, ಯಾಕೆಂದರೆ ಅಲ್ಲಿನ ಅಧಿಕಾರಿ ಇವರ ಬಾಸ್ ಅಲ್ಲ. ಇವರು ಬರೆದದ್ದು ಮಾತ್ರ ಸ್ವಂತ ಊರಿನ ಪೊಲೀಸರ ಬಗ್ಗೆ.

ಸುದ್ದಿ ಇಂಟರ್ನೆಟ್ಟಿನಲ್ಲಿ ಹಬ್ಬಿತು. ಮೂವರು ಕಾನೂನು ವಿದ್ವಾಂಸರು ಆ ನಿಯಮವೇ ಸಂವಿಧಾನಕ್ಕೆ ವಿರುದ್ಧ ಅಂತ ಮನವಿ ಕೊಟ್ಟರು. ಜೂನ್‌ನಲ್ಲಿ ಸರ್ಕಾರ ನಿಯಮವನ್ನೇ ರದ್ದು ಮಾಡಿತು. ವರದಿ ಬಂದು ಎರಡು ತಿಂಗಳೂ ಆಗಿರಲಿಲ್ಲ. ಬೇರೆ ಊರಿಗೆ ದುಡಿಯಲು ಹೋದ ಕೋಟ್ಯಂತರ ಜನ ರಾತ್ರಿ ಹೊತ್ತು ಆ ಒಂದು ಹೆದರಿಕೆಯಿಲ್ಲದೆ ಓಡಾಡುವಂತಾಯಿತು. ಕೆಲಸ ಆಗತ್ತೆ ಅಂದರೆ ಇದೂ ಕೆಲಸವೇ ತಾನೇ?

ಪೇಪರಿನವರಿಗೆ ಸಿಕ್ಕಿದ್ದೇನು? 2004ರಲ್ಲಿ ಪತ್ರಿಕೆಯ ಮ್ಯಾನೇಜರ್ ಯು ಹುವಾಫೆಂಗ್‌ಗೆ ಭ್ರಷ್ಟಾಚಾರದ ಆರೋಪದಲ್ಲಿ ಜೈಲು. ಸಂಪಾದಕ ಚೆಂಗ್ ಯಿಝೋಂಗ್ ಐದು ತಿಂಗಳು ಒಳಗಿದ್ದು, ಕೇಸೇ ಹಾಕದೆ ಬಿಡುಗಡೆಯಾದರು. ಮಾರನೇ ವರ್ಷ ಯುನೆಸ್ಕೋ ಅವರಿಗೆ ಪತ್ರಿಕಾ ಸ್ವಾತಂತ್ರ್ಯದ ಪ್ರಶಸ್ತಿ ಕೊಟ್ಟಿತು. ಅದೇ ಬಳಗದ 'ಸದರ್ನ್ ವೀಕ್ಲಿ'ಯ ಹೊಸವರ್ಷದ ಸಂಪಾದಕೀಯವನ್ನು 2013ರಲ್ಲಿ ಮೇಲಿನವರು ತಿದ್ದಿಬಿಟ್ಟಾಗ ಜನ ಆಫೀಸಿನ ಗೇಟಿಗೆ ಹೂವು ತಂದಿಟ್ಟರು. ಆಮೇಲೆ ಹಿಡಿತ ಬಿಗಿಯಾಗುತ್ತಲೇ ಹೋಯಿತು.

ಅಂದಹಾಗೆ ಈ 'ಮೆಟ್ರೊಪೊಲಿಸ್' ದಿನಪತ್ರಿಕೆಯಾದದ್ದು 1997ರಲ್ಲಿ. ಗುವಾಂಗ್‌ಝೌನಲ್ಲಿ ಮೆಟ್ರೋ ಶುರುವಾದದ್ದೂ ಅದೇ 1997ರಲ್ಲಿ. ಬಾಯಿ ಬಿಡುವ ಪೇಪರು ಇದ್ದ ಊರಿನಲ್ಲೇ ರೈಲೂ ಓಡುತ್ತಿತ್ತು.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಮಜ್ಜಿಗೆ ಕುಡಿದು, "ಆದ್ರೂ ಮೆಟ್ರೋ ಸೂಪರ್ ಕಣೋ" ಅಂದ.

ಚೆನ್ನಾಗಿಲ್ಲ ಅಂತ ನಾನೆಲ್ಲಿ ಹೇಳಿದೆ?