ಸೂರ್ಯನ ದಿನವರದಿ

ಹೊಳಲ್ಕೆರೆ ತಾಲ್ಲೂಕು ರಾಮಗಿರಿಯ ತೋಟದ ಬಾಂದುಕಲ್ಲಿಗೂ ಸೂರ್ಯಬಿಂಬದ ಮೇಲಣ ಕಲೆಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಭೂಮಾಪನ ಇಲಾಖೆಯವರು ಸರಪಳಿಗೆ ಬದಲಾಗಿ, ಉಪಗ್ರಹಗಳ ಸಂಕೇತಗಳನ್ನು ಗ್ರಹಿಸುವ ರೋವರ್ ಯಂತ್ರಗಳಿಂದ ಜಮೀನುಗಳನ್ನು ಅಳೆಯತೊಡಗಿರುವರು. ಆ ಸಂಕೇತಗಳು ವಾಯುಮಂಡಲದ ಮೇಲ್ಭಾಗದಲ್ಲಿರುವ ವಿದ್ಯುತ್ಕಣಗಳ ಪದರವನ್ನು ಹಾಯ್ದು ಬರತಕ್ಕವು. ಸೂರ್ಯನಲ್ಲಿ ಕ್ಷೋಭೆಯುಂಟಾದಾಗ ಆ ಪದರವೂ ಕದಡುವುದು. ಅಳತೆಯು ತಪ್ಪುವುದು, ಇಲ್ಲವೇ ಯಂತ್ರವು ಮೂಕವಾಗುವುದು. ಒಂದು ಮೊಳ ಬದುವಿಗಾಗಿ ಎರಡು ತಲೆಮಾರು ಕಚೇರಿಗೆ ಅಲೆಯುವ ನಮ್ಮ ನಾಡಿನಲ್ಲಿ ಇದು ಅಲ್ಪ ವಿಷಯವಲ್ಲ.

2024ನೆಯ ಇಸವಿ ಮೇ 10 ಮತ್ತು 11ರಂದು, 2003ರಿಂದೀಚೆಗೆ ಕಾಣದಿದ್ದಷ್ಟು ಪ್ರಬಲವಾದ ಭೂಕಾಂತ ಪ್ರಕ್ಷೋಭೆಯು ಸಂಭವಿಸಿತು. ಲಡಾಖಿನ ಹಾನ್ಲೆಯಲ್ಲಿ ಆಕಾಶವು ಕೆಂಪಾಗಿ ಕಂಡಿತು. ಅಮೇರಿಕೆಯಲ್ಲಿ ಉಪಗ್ರಹಗಳನ್ನು ನಂಬಿ ಬಿತ್ತನೆ ಮಾಡುತ್ತಿದ್ದ ರೈತರು ಟ್ರಾಕ್ಟರುಗಳನ್ನು ನಿಲ್ಲಿಸಬೇಕಾಯಿತು. ಅಲ್ಲಿಯ ಮುನ್ಸೂಚನಾ ಕೇಂದ್ರವು ಐದು ಮೆಟ್ಟಿಲುಗಳ ಮಾನದಲ್ಲಿ ನಾಲ್ಕನೆಯದನ್ನು ಮುಂಚಿತವಾಗಿ ಸಾರಿದ್ದಿತು, ಬಂದುದು ಐದನೆಯದು. ಹಾಗೆಂದು ಆ ಶಾಸ್ತ್ರವನ್ನು ಹಳಿಯುವುದು ನ್ಯಾಯವಲ್ಲ. ಸೂರ್ಯನು ಉಗುಳಿದ ಕಣರಾಶಿಯು ಭೂಮಿಯನ್ನು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳು ಬೇಕು. ಆದರೆ ಅದರೊಡನೆ ಬರುವ ಕಾಂತಕ್ಷೇತ್ರವು ದಕ್ಷಿಣಕ್ಕೆ ಮುಖಮಾಡಿದೆಯೋ ಉತ್ತರಕ್ಕೋ ಎಂಬುದೇ ಪೆಟ್ಟಿನ ಬಲವನ್ನು ಬಹುಮಟ್ಟಿಗೆ ನಿರ್ಣಯಿಸುವುದು. ಅದು ನಿಶ್ಚಯವಾಗಿ ತಿಳಿಯುವುದು 15 ಲಕ್ಷ ಕಿಲೋಮೀಟರ್ ದೂರದ ನೌಕೆಗಳನ್ನು ಹಾಯ್ದ ಮೇಲೆ, ಎಂದರೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಮೊದಲು ಮಾತ್ರ.

ಆ ದೂರದಲ್ಲಿ ನಮ್ಮದೇ ಆದಿತ್ಯ-ಎಲ್1 ನೌಕೆಯು 2024ರ ಜನವರಿ 6ರಿಂದ ಕಾವಲಿದೆ. ಅದರ ಮುಖ್ಯ ಯಂತ್ರವಾದ ಕಿರೀಟದರ್ಶಕವನ್ನು ನಿರ್ಮಿಸಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು. ಗೌರಿಬಿದನೂರಿನಲ್ಲಿ ಸೂರ್ಯನ ರೇಡಿಯೋ ಅಲೆಗಳನ್ನು ಆಲಿಸುವವರೂ ಅವರೇ. ಇಷ್ಟು ಸಾಮಗ್ರಿ ನಮ್ಮ ನೆಲದಲ್ಲಿರುವಾಗ, ಅದರ ಫಲವು ತಾಲ್ಲೂಕು ಕಚೇರಿಯವರೆಗೆ ಇಳಿದು ಬರಬೇಡವೇ?

1989ರ ಮಾರ್ಚಿ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನರು ಒಂಬತ್ತು ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಕಳೆದರು. ಈ ಕಥೆಯನ್ನೇ ಹೇಳಿ, ನಾಳೆ ನಮ್ಮಲ್ಲಿಯೂ ದೀಪವಾರುವುದೆಂದು ಹೆದರಿಸುವ ದೂರದರ್ಶನದ ಪಂಡಿತರಿಗೆ ಕೊರತೆಯಿಲ್ಲ. ಧ್ರುವಗಳಿಗೆ ದೂರವಾದ ನಮಗೆ ಆ ಭಯವು ಕಡಮೆ. ನಮ್ಮ ತೊಂದರೆಯು ಬೇರೆ ಬಗೆಯದು. ಕಾಂತೀಯ ವಿಷುವದ್ರೇಖೆಯು ತಿರುನೆಲ್ವೇಲಿಯ ಕಡೆ ಹಾದುಹೋಗುವುದರಿಂದ, ಸೂರ್ಯಕಳಂಕಗಳು ಹೆಚ್ಚಿದ ವರ್ಷಗಳಲ್ಲಿ ಪ್ರಕ್ಷೋಭೆಯಿಲ್ಲದ ದಿನಗಳಲ್ಲಿಯೂ ಸೂರ್ಯಾಸ್ತವಾದ ಮೇಲೆ ನಮ್ಮ ಮೇಲಣ ಪದರವು ಕಲಕಿ ಸಂಕೇತಗಳನ್ನು ಕೆಡಿಸುವುದು. ಶೀತದೇಶದವರ ಮುನ್ಸೂಚನೆಯನ್ನು ಕನ್ನಡಿಸಿ ಹಂಚಿದರೆ ಸಾಲದೆಂಬುದಕ್ಕೆ ಇದೇ ಕಾರಣ.

ಹೋಬಳಿವಾರು ಮಳೆಯ ಲೆಕ್ಕವನ್ನು ಒದಗಿಸುವ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು, ಖಭೌತ ಸಂಸ್ಥೆಯವರೊಡನೆಯೂ ಇಸ್ರೋದವರೊಡನೆಯೂ ಕೂಡಿ, ಸೂರ್ಯನ ಸ್ಥಿತಿಯನ್ನು ತಿಳಿಸುವ ಎರಡು ಸಾಲುಗಳನ್ನು ದಿನಂಪ್ರತಿ ಕನ್ನಡದಲ್ಲಿ ಹೊರಡಿಸಬೇಕೆಂದು ನಮ್ಮ ಸಲಹೆ. ಪ್ರಕ್ಷೋಭೆಯುಳ್ಳ ದಿನ ಮಾಡಿದ ಅಳತೆಯನ್ನು ಮತ್ತೊಂದು ದಿನ ಪುನಃ ಪರೀಕ್ಷಿಸಿದ ಹೊರತು ನಕ್ಷೆಗೆ ಸೇರಿಸಕೂಡದೆಂದು ಭೂಮಾಪನ ಇಲಾಖೆಯ ಆಯುಕ್ತರು ಆಜ್ಞೆ ಮಾಡಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ.